ಹಳೆ ಕೀಬೋರ್ಡು ಕೊಳ್ಳುವ ಮುಂಚೆ ತಾಳ ನಿಲ್ಲಿಸಿ

ಚಿಕ್ಕೋಡಿ, ನಿಪ್ಪಾಣಿ, ಅಥಣಿ ಕಡೆ ಭಜನಾ ಮಂಡಳಿಗೋ ಮದುವೆ ಆರ್ಕೆಸ್ಟ್ರಾಕ್ಕೋ ಸೆಕೆಂಡ್ ಹ್ಯಾಂಡ್ ಅರೇಂಜರ್ ಕೀಬೋರ್ಡು ನೋಡುವವರು ಮೊದಲು ಕೇಳುವುದು, ಎಷ್ಟು ವರ್ಷ ಹಳೆಯದು ಅಂತ. ಕೇಳಬೇಕಾದ್ದು, ಎಲ್ಲಿ ನುಡಿಸಿದ್ದು ಅಂತ. ಬೇಗ ಕೆಡುವುದು ಚಿಪ್ ಅಲ್ಲ, ಕೀಗಳ ಕೆಳಗಿನ ರಬ್ಬರ್ ಪಟ್ಟಿ. ಟಚ್ ಇರುವ ಕೀಬೋರ್ಡಿನಲ್ಲಿ ಒಂದೊಂದು ಕೀಗೂ ಎರಡೆರಡು ಕಾಂಟ್ಯಾಕ್ಟ್; ಒಂದು ತಾಗಿ ಇನ್ನೊಂದು ತಾಗಲು ಹಿಡಿದ ಕ್ಷಣವನ್ನು ಅಳೆದೇ ಸ್ವರ ಎಷ್ಟು ಜೋರು ಎಂಬುದು ತೀರ್ಮಾನವಾಗುತ್ತದೆ. ಜಾತ್ರೆ ವೇದಿಕೆಯ ಧೂಳು ಅಲ್ಲಿ ಕೂತರೆ ಮೆತ್ತಗೆ ಒತ್ತಿದ ಸ್ವರ ಕಿರುಚೀತು, ಇಲ್ಲವೇ ಮೂಕವಾದೀತು. ಮಾರುವವರು ಭರ್ಜರಿ ತಾಳದ ಸ್ಟೈಲ್ ಹಾಕಿ ತೋರಿಸುತ್ತಾರೆ. ಆ ಅಬ್ಬರದಲ್ಲಿ ಸತ್ತ ಕೀ ಅಡಗಿಕೊಳ್ಳುತ್ತದೆ. ತಾಳ ನಿಲ್ಲಿಸಿ, ಪಿಯಾನೊ ದನಿ ಇಟ್ಟು, 61 ಕೀಗಳನ್ನೂ ಒಂದೇ ಹದದಲ್ಲಿ ಮೆಲ್ಲಗೆ ಒತ್ತಿ ನೋಡಿ.

ರಬ್ಬರ್ ಪಟ್ಟಿ ಬದಲಿಸಿದರಾಯ್ತಲ್ಲ ಅನ್ನಬಹುದು. ನಿಜ, ಆ ಮಾಡೆಲ್‌ನ ಪಟ್ಟಿ ಸಿಕ್ಕರೆ. ರಿಪೇರಿಗೆ ಹೋಗೋಣವೆಂದರೆ ಕಾಗವಾಡಕ್ಕೆ ವಾದ್ಯ ತಯಾರಕರ ಊರು ಮೀರಜ್ ಹತ್ತಿರವೇ, 2024ರಲ್ಲಿ ಅಲ್ಲಿನ ಸಿತಾರ್, ತಂಬೂರಿಗೆ ಜಿಐ ಮಾನ್ಯತೆಯೂ ಬಂತು. ಆದರೆ ಸಿತಾರಿನ ಸೋರೆ ಬುರುಡೆಗೆ ಪಳಗಿದ ಕೈ ಸರ್ಕ್ಯೂಟ್ ಬೋರ್ಡಿಗೂ ಒಗ್ಗಬೇಕೆಂದಿಲ್ಲ. ಹೊಸದಕ್ಕೆ ವಾರಂಟಿ ಇದೆ, ಆ ಮಾತೂ ಸರಿ. ಆದರೂ ಟಚ್ ಇಲ್ಲದ ಅಗ್ಗದ ಹೊಸದಕ್ಕಿಂತ, ತಬಲಾ ತಂಬೂರಿ ಒಳಗೇ ಇರುವ, ಕೀಗಳು ಸಮನಾಗಿ ನುಡಿಯುವ ಹಳೆ ಯಮಹಾ ಪಿಎಸ್‌ಆರ್-ಐ455 ಭಜನೆಗೆ ಮೇಲು. ಫ್ಲಾಪಿ ಡ್ರೈವಿನ ಪಿಎಸ್‌ಆರ್-2000 ತೋರಿಸಿದರೆ ಮಾತ್ರ, ಫ್ಲಾಪಿಯನ್ನೂ ನೀವೇ ಕೊಡ್ತೀರಾ ಅಂತ ಕೇಳಿ.