ಕಲ್ಲಿನ ಮನೆ, ತಗಡಿನ ಮನೆ, ಲಾರಿ ಕ್ಯಾಬಿನ್: ಇಕ್ಕಟ್ಟಿನಲ್ಲಿ ಹಿತವಾದ ಬೆಳಕು

ಒಂದೇ ಕೋಣೆಯ ಮನೆ. ಗೋಡೆ ಶಹಾಬಾದ್ ಕಲ್ಲಿನದು, ನೆಲದ ಪರ್ಸಿಯೂ ಅದೇ ಕಲ್ಲು. ಸೇಡಂ, ಚಿತ್ತಾಪುರದ ಹಳೆಯ ಓಣಿಗಳಲ್ಲಾದರೆ ತೊಲೆಗಳ ಮೇಲೆ ಹೊದಿಸಿದ ಚಪ್ಪಡಿಯೂ ಅದೇ. ಇಂಥ ಮನೆಗೆ 9 ವ್ಯಾಟಿನ ಬಲ್ಬು ಸಾಲದೆಂದು 12ರದು, ಅದೂ ಸಾಲದೆಂದು 20 ವ್ಯಾಟಿನ ಎಲ್‌ಇಡಿ ಟ್ಯೂಬು ತಂದು ಹಾಕುತ್ತಾರೆ. ಕಣ್ಣಿಗೆ ಚುಚ್ಚುವುದು ಹೆಚ್ಚುತ್ತದೆ, ಮೂಲೆಯ ಮಬ್ಬು ಹಾಗೇ ಉಳಿಯುತ್ತದೆ. ತಪ್ಪು ಬಲ್ಬಿನದಲ್ಲ. ಬೆಳಕನ್ನು ನುಂಗುತ್ತಿರುವುದು ಕಲ್ಲು.

ಲೆಕ್ಕ ಸರಳವಾಗಿದೆ. ಹೊಸದಾಗಿ ಬಳಿದ ಸುಣ್ಣ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ 75ರಷ್ಟನ್ನು ವಾಪಸ್ ಕಳಿಸುತ್ತದೆ. ಬೂದು ಬಣ್ಣದ ಬರಿ ಕಲ್ಲು ಕಳಿಸುವುದು ಸುಮಾರು 25ರಷ್ಟನ್ನು. ಸಣ್ಣ ಕೋಣೆಯಲ್ಲಿ ಬೆಳಕು ಒಂದು ಗೋಡೆಗೆ ಬಡಿದು ನಿಲ್ಲುವುದಿಲ್ಲ; ಅಲ್ಲಿಂದ ಚಿಮ್ಮಿ ಇನ್ನೊಂದಕ್ಕೆ ಹೋಗುತ್ತದೆ. ಎರಡು ಸಲ ಬಡಿದ ಮೇಲೆ ಸುಣ್ಣದ ಮನೆಯಲ್ಲಿ ನೂರಕ್ಕೆ 56 ಪಾಲು ಉಳಿದಿದ್ದರೆ, ಬರಿ ಕಲ್ಲಿನ ಮನೆಯಲ್ಲಿ ಉಳಿಯುವುದು 6. ಈ ನಷ್ಟವನ್ನು ವ್ಯಾಟು ಏರಿಸಿ ತುಂಬಿಕೊಡಲಾಗದು. ಆದ್ದರಿಂದ ಬೆಳಕಿಗೆಂದು ಇಟ್ಟ ದುಡ್ಡಿನಲ್ಲಿ ಮೊದಲ ಪಾಲು ಎಲೆಕ್ಟ್ರಿಕ್ ಅಂಗಡಿಗಲ್ಲ, ಸುಣ್ಣಕ್ಕೆ ಹೋಗಬೇಕು. ಸುಣ್ಣ ಹುಟ್ಟುವುದೂ ಸುಣ್ಣದ ಕಲ್ಲಿನಿಂದಲೇ. ಅದೇ ಕಲ್ಲನ್ನು ಅರೆದು ಮಾಡಿದ ವಾಡಿ, ಸೇಡಂ, ಮಳಖೇಡದ ಸಿಮೆಂಟು ದೇಶದ ತುಂಬ ಹೋಗುತ್ತದೆ, ಇಲ್ಲಿನ ಎಷ್ಟೋ ಮನೆಗಳ ಒಳಮೈ ಮಾತ್ರ ಸುಣ್ಣ ಕಾಣದೆ ಕಪ್ಪಾಗಿ ಕೂತಿರುತ್ತದೆ.

ಇಡೀ ಮನೆಗೆ ಬಳಿಯಲೇಬೇಕೆಂದಿಲ್ಲ. ಮೊದಲು ಚಪ್ಪಡಿಯ ಒಳಮೈ, ಆಮೇಲೆ ಗೋಡೆಯ ಮೇಲಿನ ಅರ್ಧ. ಕೆಳಗಿನ ಅರ್ಧ ಹೇಗೂ ಬೆನ್ನು, ತಲೆ ತಾಗಿ ಎಣ್ಣೆಗಟ್ಟುತ್ತದೆ. ಅದು ಕಲ್ಲಾಗಿಯೇ ಇರಲಿ, ನೋಡಲೂ ಚೆನ್ನ. ಮಿರಮಿರ ಮಿಂಚುವ ಆಯಿಲ್ ಪೇಂಟ್ ಬೇಡ, ಅದರಲ್ಲಿ ಬಲ್ಬಿನ ಪ್ರತಿಬಿಂಬ ಕಣ್ಣಿಗೆ ಹೊಡೆಯುತ್ತದೆ. ಸುಣ್ಣವಾಗಲಿ ಡಿಸ್ಟೆಂಪರ್ ಆಗಲಿ, ಹೊಳಪಿಲ್ಲದ್ದೇ ಒಳ್ಳೆಯದು.

ಎರಡನೆಯ ತೊಂದರೆ ನಡುಮನೆಯಲ್ಲಿ ತೂಗುವ ಒಂಟಿ ಬಲ್ಬು. ಭಾಗ್ಯಜ್ಯೋತಿ, ಕುಟೀರಜ್ಯೋತಿ ಯೋಜನೆಗಳಲ್ಲಿ ಬಡವರ ಮನೆಗೆ ಬಂದದ್ದು ಒಂದೇ ದೀಪದ ಸಂಪರ್ಕ. ಒಂದೇ ದೀಪ ಎಂದಾಗ ಅದನ್ನು ನಡುವೆ ಹಾಕದೆ ಬೇರೆ ದಾರಿಯಿರಲಿಲ್ಲ. ಈಗ ಆ ಕಟ್ಟು ಇಲ್ಲ, ರೂಢಿ ಉಳಿದಿದೆ. ನಡುವಿನ ದೀಪದ ಅಡ್ಡಿ ಏನೆಂಬುದು ರೊಟ್ಟಿ ಬಡಿಯುವವರಿಗೆ ಚೆನ್ನಾಗಿ ಗೊತ್ತು. ಒಲೆಯೋ ಅಡುಗೆ ಕಟ್ಟೆಯೋ ಗೋಡೆಗೆ ಅಂಟಿರುತ್ತದೆ, ದೀಪ ಬೆನ್ನ ಹಿಂದಿರುತ್ತದೆ, ಹಿಟ್ಟಿನ ಮೇಲೆ ತಮ್ಮದೇ ನೆರಳು ಬೀಳುತ್ತದೆ. ಗೋಡೆಗೆ ಮುಖ ಮಾಡಿ ಓದಲು ಕೂತ ಹುಡುಗನ ಪುಸ್ತಕದ ಗತಿಯೂ ಇದೇ.

ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ, ನಾಲ್ಕು ಪಟ್ಟಾದರೆ ಹದಿನಾರನೇ ಒಂದಕ್ಕೆ. 9 ವ್ಯಾಟಿನ ಎಲ್‌ಇಡಿ ಬಲ್ಬು 800ರಿಂದ 900 ಲ್ಯುಮೆನ್ ಬೆಳಕು ಕೊಡುತ್ತದೆ, ಅಂದರೆ ಹಳೆಯ 60 ವ್ಯಾಟಿನ ಬಲ್ಬಿಗಿಂತ ತುಸು ಹೆಚ್ಚೇ. ಆದರೆ ಅದು ಎಲ್ಲ ದಿಕ್ಕಿಗೂ ಚೆಲ್ಲುತ್ತದೆ. ಎರಡು ಮೀಟರ್ ಕೆಳಗಿನ ಪುಸ್ತಕಕ್ಕೆ ನೇರವಾಗಿ ಸಿಗುವುದು ಸುಮಾರು 16 ಲಕ್ಸ್. ಓದಲು, ಕಾಳು ಆರಿಸಲು ಬೇಕಾದದ್ದು 300 ಲಕ್ಸ್ ಹತ್ತಿರ. ಬುಡದಲ್ಲಿ ಬುಟ್ಟಿಯಂಥ ಮರೆಯಿರುವ 3 ವ್ಯಾಟಿನ ದೀಪವನ್ನು ಒಂದೂವರೆ ಅಡಿ ಮೇಲೆ ಕಟ್ಟಿದರೆ ಬೆಳಕೆಲ್ಲ ಒಂದೇ ಕಡೆ ಬೀಳುತ್ತದೆ, ಪುಸ್ತಕದ ಮೇಲೆ ಅದರ ಹತ್ತು ಪಟ್ಟಿಗೂ ಮಿಕ್ಕಿ ಸಿಗುತ್ತದೆ.

ಹೀಗಾಗಿ ನನ್ನ ಅಭಿಪ್ರಾಯದಲ್ಲಿ ಸಣ್ಣ ಮನೆಗೆ ಒಂದು ದೊಡ್ಡ ದೀಪಕ್ಕಿಂತ ಮೂರು ಸಣ್ಣ ದೀಪಗಳು ಮೇಲು. ಮೂರಕ್ಕೂ ಬೇರೆ ಬೇರೆ ಸ್ವಿಚ್ಚು ಇರಲಿ. ಒಂದು ದೀಪ ಗೋಡೆಯ ಮೇಲ್ಭಾಗದಿಂದ ಸುಣ್ಣ ಬಳಿದ ಚಪ್ಪಡಿಯ ಕಡೆಗೆ ಮುಖ ಮಾಡಿರಲಿ. ಅಲ್ಲಿಂದ ಚದುರಿ ಇಳಿಯುವ ಬೆಳಕಿನಲ್ಲಿ ನೆರಳು ಗಾಢವಾಗಿರುವುದಿಲ್ಲ, ಮಲಗಿದವರ ಕಣ್ಣಿಗೆ ಬಲ್ಬೂ ಕಾಣುವುದಿಲ್ಲ. ಎರಡನೆಯದು ಅಡುಗೆ ಕಟ್ಟೆಯ ಮೇಲಿನ ಹಲಗೆಯ ಕೆಳಗೆ, ಮುಂದಿನ ಅಂಚಿಗೆ. ಮೂರನೆಯದು ಓದುವ, ಹೊಲಿಯುವ ಜಾಗದಲ್ಲಿ, ಬಲಗೈಯಿಂದ ಬರೆಯುವವರಿಗೆ ಎಡಗಡೆ. ಹಳೆಯ ಮನೆಗಳ ಗೋಡೆಯಲ್ಲಿ ಹಣತೆ ಇಡಲು ಮಾಡಿದ ಗೂಡುಗಳಿದ್ದರೆ ಅದಕ್ಕಿಂತ ಒಳ್ಳೆಯ ಜಾಗ ಬೇರೆ ಬೇಕಿಲ್ಲ. ಒಳಗೆ ಸುಣ್ಣ ಬಳಿದು ಸಣ್ಣ ಬಲ್ಬಿಟ್ಟರೆ ಸಾಕು.

ಫ್ಯಾನು ಮರೆತರೆ ಇದೆಲ್ಲ ಹಾಳು. ತಗ್ಗಿನ ಮಾಳಿಗೆಯಲ್ಲಿ ಫ್ಯಾನಿಗಿಂತ ಮೇಲೆ ದೀಪವಿದ್ದರೆ ರೆಕ್ಕೆಗಳ ನೆರಳು ಮನೆಯೆಲ್ಲ ತಿರುಗುತ್ತದೆ, ಸ್ವಲ್ಪ ಹೊತ್ತಿಗೆ ತಲೆನೋವು. ದೀಪ ರೆಕ್ಕೆಯ ಮಟ್ಟಕ್ಕಿಂತ ಕೆಳಗಿರಬೇಕು, ಇಲ್ಲವೆ ಅದರ ಸುತ್ತಿನಿಂದ ದೂರ ಗೋಡೆಗಿರಬೇಕು.

ಕಲ್ಲಿಗೆ ಮೊಳೆ ಹೊಡೆಯುವುದೂ ಒಂದು ವಿದ್ಯೆ. ಭೀಮಾ ಕಣಿವೆಯ ಈ ಸುಣ್ಣದ ಕಲ್ಲು ಪದರ ಪದರವಾಗಿ ಕೂತದ್ದು. ಚಪ್ಪಡಿ ಸಲೀಸಾಗಿ ಏಳುವುದು ಆ ಕಾರಣಕ್ಕೆ. ಅಂಚಿಗೆ ಡ್ರಿಲ್ ಇಟ್ಟರೆ ಚಕ್ಕೆ ಏಳುವುದೂ ಅದೇ ಕಾರಣಕ್ಕೆ. ಗೋಡೆಯಲ್ಲಿ ಎರಡು ಕಲ್ಲಿನ ನಡುವಿನ ಗಾರೆಯ ಸಂದಿಯಲ್ಲಿ ತೂತು ಹಾಕಿ ಪ್ಲಾಸ್ಟಿಕ್ ಗಿಟ್ಟಿ ಕೂರಿಸಿ. ಮೇಲೆ ಚಪ್ಪಡಿಯನ್ನು ಮುಟ್ಟಲೇಬೇಡಿ, ತೊಲೆಗೇ ಸ್ಕ್ರೂ ಹಾಕಿ. ವೈರು ಪೈಪಿನೊಳಗೋ ಕೇಸಿಂಗ್ ಪಟ್ಟಿಯೊಳಗೋ ಹೊರಗಿನಿಂದಲೇ ಹೋಗಲಿ. ಮಳೆಗಾಲದಲ್ಲಿ ಚಪ್ಪಡಿಯ ಸಂದಿಯಿಂದ ನೀರು ಜಿನುಗುವ ಜಾಗ ಮನೆಯವರಿಗೆ ಗೊತ್ತಿರುತ್ತದೆ; ವೈರ್‌ಮ್ಯಾನ್‌ಗೆ ಅದನ್ನು ತೋರಿಸಿಯೇ ಕೆಲಸ ಶುರು ಮಾಡಿಸಬೇಕು.

ಬಣ್ಣದ ವಿಷಯ. ಡಬ್ಬಿಯ ಮೇಲೆ 6500ಕೆ ಎಂದಿದ್ದರೆ ನೀಲಿ ಛಾಯೆಯ ಬಿಳಿ, 4000ಕೆ ಎಂದರೆ ಸಾದಾ ಬಿಳಿ, 2700ಕೆ ಅಥವಾ 3000ಕೆ ಎಂದರೆ ಹಳೆಯ ಬಲ್ಬಿನ ಹಳದಿ. ನಮ್ಮ ಕಡೆ ಅಂಗಡಿಯವರು ಕೇಳದೆ ಕೊಡುವುದು 6500. ಬೂದುಗಲ್ಲಿನ ಮೇಲೆ ಬಿದ್ದಾಗ ಅದು ಮನೆಯನ್ನು ಗೋದಾಮಿನಂತೆ ಕಾಣಿಸುತ್ತದೆ. ಅಡುಗೆಗೆ, ಓದಿಗೆ 4000. ಕೂರಲು, ಉಣ್ಣಲು, ಮಲಗುವ ಮುಂಚಿನ ಹೊತ್ತಿಗೆ 3000ದೊಳಗಿನದು. ಒಂದೇ ಕೋಣೆಯಲ್ಲಿ ಎಲ್ಲ ನಡೆಯುವ ಮನೆಯಲ್ಲಿ ಇದು ಷೋಕಿಯಲ್ಲ. ನೀಲಿ ಅಂಶ ಹೆಚ್ಚಿರುವ ಬೆಳಕು ರಾತ್ರಿ ದೇಹದಲ್ಲಿ ನಿದ್ದೆಯ ಹಾರ್ಮೋನು ಮೆಲಟೋನಿನ್ ಏರುವುದನ್ನು ತಡೆಯುತ್ತದೆ. ಸಿಮೆಂಟು ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ ಬಂದವನೂ ಶಾಲೆಗೆ ಹೊರಟ ಮಗುವೂ ಒಂದೇ ಸೂರಿನಡಿ ಇದ್ದಾಗ ಬೇರೆ ಬೇರೆ ಸ್ವಿಚ್ಚಿನ ಬೆಲೆ ತಿಳಿಯುತ್ತದೆ. ರಾತ್ರಿಯಿಡೀ ಉರಿಯುವ ಝೀರೋ ಬಲ್ಬು ನೀಲಿಯದು ಬೇಡ, ಕೆಂಪೋ ಕಿತ್ತಳೆಯೋ ಇರಲಿ. ಮೊದಲ ಮಳೆಗೆ ರೆಕ್ಕೆ ಹುಳಗಳು ಮುತ್ತಿಕೊಳ್ಳುವುದೂ ಹಳದಿ ದೀಪಕ್ಕೆ ಕಡಿಮೆ. ಚಿಂಚೋಳಿಯ ಕಾಡಂಚಿನ ತಾಂಡಾಗಳಲ್ಲಿ ಬಾಗಿಲ ಮುಂದಿನ ದೀಪಕ್ಕೆ ಹಳದಿಯೇ ವಾಸಿ.

ಡಬ್ಬಿಯ ಮೇಲೆ ಸಿಆರ್‌ಐ ಎಂಬ ಇನ್ನೊಂದು ಅಂಕಿ ಇರುತ್ತದೆ. ವಸ್ತುಗಳ ನಿಜ ಬಣ್ಣ ಎಷ್ಟರಮಟ್ಟಿಗೆ ಕಾಣುತ್ತದೆ ಎಂಬುದರ ಅಳತೆ ಅದು. 80ಕ್ಕಿಂತ ಕಡಿಮೆಯದನ್ನು ಮುಟ್ಟಬೇಡಿ. ತೊಗರಿಬೇಳೆ ಆರಿಸುವ ಜಾಗಕ್ಕೆ 90 ಸಿಕ್ಕರೆ ಕಲ್ಲು, ಹುಳುಕು ಬೇಗ ಕಣ್ಣಿಗೆ ಬೀಳುತ್ತವೆ.

ತಗಡಿನ ಶೆಡ್ಡು, ಕಾರ್ಖಾನೆ ಕೆಲಸದ ಜಾಗದ ಕಂಟೇನರ್ ಮನೆ, ಇವುಗಳ ಕಷ್ಟ ಬೇರೆ. ಇಲ್ಲಿ ಬೇಸಿಗೆ 42 ಡಿಗ್ರಿ ದಾಟುತ್ತದೆ, ತಗಡಿನ ಕೆಳಗಿನ ಗಾಳಿ ಅದಕ್ಕಿಂತ ಬಿಸಿ. ಎಲ್‌ಇಡಿ ಬಲ್ಬಿನಲ್ಲಿ ಸಾಮಾನ್ಯವಾಗಿ ಮೊದಲು ಸಾಯುವುದು ದೀಪವಲ್ಲ, ಅದರ ಬುಡದ ಡ್ರೈವರ್. ಅದರ ಕೆಪಾಸಿಟರಿನ ಆಯಸ್ಸು ಶಾಖ 10 ಡಿಗ್ರಿ ಏರಿದಂತೆಲ್ಲ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಹಾಗಾಗಿ ಬಲ್ಬನ್ನು ತಗಡಿಗೆ ಅಂಟಿಸಬಾರದು, ಮುಚ್ಚಿದ ಗಾಜಿನ ಗುಂಡಿನೊಳಗೆ ಹಾಕಬಾರದು, ಒಂದಡಿ ಕೆಳಗೆ ಇಳಿಬಿಡಬೇಕು. ಇನ್ನೊಂದು ಮಾತು ಹಿತದ್ದಲ್ಲ, ಜೀವದ್ದು. ಸಿಪ್ಪೆ ಸುಲಿದ ವೈರು ತಗಡಿಗೆ ತಾಗಿದರೆ ಇಡೀ ಗೋಡೆಗೆ ಕರೆಂಟು ಬರುತ್ತದೆ. ಪೈಪು, ಅರ್ಥಿಂಗು, ಕರೆಂಟು ಸೋರಿದರೆ ತಾನೇ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಮೂರೂ ಇಲ್ಲದೆ ತಗಡಿನ ಮನೆಗೆ ಕರೆಂಟು ಎಳೆಯಬಾರದು.

ವಾಡಿ, ಮಳಖೇಡದ ಸಿಮೆಂಟು ಗೇಟಿನ ಮುಂದೆ ಲೋಡಿಗಾಗಿ ಕಾಯುವ ಲಾರಿ ಕೂಡ ಮನೆಯೇ. ಅದರಲ್ಲೇ ಉಂಡು, ಅದರಲ್ಲೇ ಮಲಗುವವರಿದ್ದಾರೆ. ದೊಡ್ಡ ಲಾರಿಗಳದು 24 ವೋಲ್ಟ್, 12ರ ಎರಡು ಬ್ಯಾಟರಿ ಸರಣಿಯಲ್ಲಿ. ದೀಪಕ್ಕೆಂದು ಒಂದೇ ಬ್ಯಾಟರಿಯಿಂದ 12 ವೋಲ್ಟ್ ಎಳೆದರೆ ಅದೊಂದು ಬೇಗ ಬಳಲಿ ಜೋಡಿಯೇ ಕೆಡುತ್ತದೆ. 10ರಿಂದ 30 ವೋಲ್ಟಿನವರೆಗೆ ನಡೆಯುವ ಎಲ್‌ಇಡಿ ಕೇಳಿ ತನ್ನಿ, ನಡುವೆ ಫ್ಯೂಸ್ ಹಾಕಿಸಿ. ಮಲಗುವ ಸೀಟಿನ ತಲೆದೆಸೆಗೆ ಹಳದಿ ಬಣ್ಣದ 2 ವ್ಯಾಟು ಸಾಕು. ಕ್ಯಾಬಿನ್ ಸುತ್ತ ಬಣ್ಣ ಬದಲಿಸುವ ಸರದೀಪ ಹಾಕುವವರ ಉಮೇದನ್ನು ನಾನು ಆಡಿಕೊಳ್ಳುವುದಿಲ್ಲ, ಮಲಗುವಾಗ ಆರಿಸಿದರಾಯಿತು.

2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ದೀಪದ ಬಿಲ್ಲಿನ ಚಿಂತೆ ಬಹಳ ಮನೆಗಳಲ್ಲಿ ಇಲ್ಲ. ಆದರೆ ಲೈಟ್ ಹೋದ ರಾತ್ರಿ ಬ್ಯಾಟರಿ ಪ್ರತಿ ವ್ಯಾಟನ್ನೂ ಎಣಿಸುತ್ತದೆ. 12 ವೋಲ್ಟ್, 20 ಆಂಪಿಯರ್ ಅವರಿನ ಸಣ್ಣ ಬ್ಯಾಟರಿಯಲ್ಲಿ ಅರ್ಧ ಬಳಸಿದರೂ 120 ವ್ಯಾಟ್ ಅವರ್ ಸಿಗುತ್ತದೆ. ಮೂರು ದೀಪ ಸೇರಿ 12 ವ್ಯಾಟು ಎಂದರೆ ಹತ್ತು ತಾಸು. ದೀಪಗಳು ನೇರ 12 ವೋಲ್ಟಿನವಾಗಿದ್ದರೆ ಮಾತ್ರ ಈ ಲೆಕ್ಕ. ನಡುವೆ ಇನ್ವರ್ಟರ್ ಇಟ್ಟರೆ ಅದೇ ಒಂದು ದೀಪದಷ್ಟು ತಿನ್ನುತ್ತದೆ.

ಕೊಳ್ಳುವಾಗ ಅಂಗಡಿಯಲ್ಲೇ ಬಲ್ಬು ಹಚ್ಚಿಸಿ ಮೊಬೈಲ್ ಕ್ಯಾಮೆರಾ ಹಿಡಿಯಿರಿ. ಪರದೆಯಲ್ಲಿ ಕಪ್ಪು ಪಟ್ಟೆಗಳು ಓಡಿದರೆ ಅದು ಕಣ್ಣಿಗೆ ಕಾಣದಂತೆ ಸೆಕೆಂಡಿಗೆ 100 ಸಲ ಮಿಣುಕುತ್ತಿದೆ ಎಂದರ್ಥ, ಓದುವ ಜಾಗಕ್ಕೆ ಅದು ಬೇಡ. ಡಬ್ಬಿಯ ಮೇಲೆ ಬಿಐಎಸ್‌ನ ಆರ್ ಅಕ್ಷರದ ನೋಂದಣಿ ಸಂಖ್ಯೆ ಇದೆಯೇ ನೋಡಿ. ವ್ಯಾಟು ಎಷ್ಟೆಂದು ಕೇಳುವ ಬದಲು ಲ್ಯುಮೆನ್ ಎಷ್ಟೆಂದು ಕೇಳಿ. ವ್ಯಾಟಿಗೆ 90ಕ್ಕಿಂತ ಕಡಿಮೆ ಬಿದ್ದರೆ ಪಕ್ಕದ ಡಬ್ಬಿ ತೆಗೆಸಿ.