ರಸ್ತೆಗುಂಡಿ ಮತ್ತು ಕಾರು: ಪೆಟ್ಟಿನ ಲೆಕ್ಕಾಚಾರ

ಕಳೆದ ಮಳೆಗಾಲದ ಒಂದು ಸಂಜೆ ತುಮಕೂರಿನಿಂದ ಬೆಂಗಳೂರಿಗೆ ಹಿಂತಿರುಗುತ್ತಿದ್ದೆ. ನೀರು ನಿಂತಿದ್ದ ಗುಂಡಿಯೊಂದಕ್ಕೆ ಕಾರಿನ ಎಡ ಮುಂಚಕ್ರ ಇಳಿದು ‘ಧಡ್’ ಎಂದಿತು. ನಿಲ್ಲಿಸಿ ನೋಡಿದೆ. ಟೈರಿನಲ್ಲಿ ಗಾಳಿ ಇತ್ತು, ಎಲ್ಲಿಯೂ ಹರಿದಿರಲಿಲ್ಲ. ಸಮಾಧಾನದಿಂದ ಮನೆ ಸೇರಿದೆ. ಮರುದಿನ ಮನೆಮಂದಿಯೆಲ್ಲ ಹುಬ್ಬಳ್ಳಿಗೆ ಹೊರಡುವುದಿತ್ತು. ಗಾಳಿ ಹಾಕಿಸಲು ಹೋದಾಗ ಪಂಕ್ಚರ್ ಅಂಗಡಿಯ ಹುಡುಗ ಟೈರಿನ ಒಳಬದಿಗೆ ಕೈಯಾಡಿಸಿ, “ಸಾರ್, ಇಲ್ಲಿ ಮುಟ್ಟಿ ನೋಡಿ” ಎಂದ. ಅರ್ಧ ಕೋಳಿಮೊಟ್ಟೆಯಷ್ಟು ಉಬ್ಬು! ಆ ಟೈರಿನಲ್ಲೇ ಹೆದ್ದಾರಿಗೆ ಇಳಿದಿದ್ದರೆ ಏನಾಗುತ್ತಿತ್ತೋ! ಭೌತಶಾಸ್ತ್ರ ಕಲಿಸುವ ನಾನು ಕಾಣದಿದ್ದುದನ್ನು ಅವನ ಬೆರಳು ಕಂಡಿತ್ತು.

ಗುಂಡಿಗಳ ಬಗ್ಗೆ ನಮ್ಮಲ್ಲಿ ಎರಡು ನಂಬಿಕೆಗಳಿವೆ. ಒಂದು, ವೇಗವಾಗಿ ಹೋದರೆ ಚಕ್ರ ಗುಂಡಿಯ ಮೇಲೆ ಹಾರಿಹೋಗುತ್ತದೆ, ಪೆಟ್ಟು ಬೀಳುವುದಿಲ್ಲ. ಎರಡು, ಗುಂಡಿ ದಾಟುವವರೆಗೂ ಬ್ರೇಕ್ ಒತ್ತಿ ಹಿಡಿಯಬೇಕು. ಇವು ಎಷ್ಟು ಸರಿ? ಪ್ರೌಢಶಾಲೆಯ ಗಣಿತದಿಂದಲೇ ಪರೀಕ್ಷಿಸೋಣ.

ಚಕ್ರ ಎಷ್ಟು ಇಳಿಯುತ್ತದೆ?

ಸಾಧಾರಣ ಕಾರಿನ ಒಂದು ಚಕ್ರದ ಮೇಲೆ ಸುಮಾರು 300 ಕಿ.ಗ್ರಾಂ ಹೊರೆ ಇದೆ ಎಂದುಕೊಳ್ಳೋಣ. ಅದನ್ನು ಹೊತ್ತ ಸ್ಪ್ರಿಂಗ್ ಚಕ್ರವನ್ನು ಸುಮಾರು 2,940 ನ್ಯೂಟನ್ ಬಲದಿಂದ ಕೆಳಕ್ಕೆ ಒತ್ತುತ್ತಿರುತ್ತದೆ. ಚಕ್ರ ಮತ್ತು ಅದಕ್ಕೆ ಅಂಟಿದ ಭಾಗಗಳ ರಾಶಿ 35 ಕಿ.ಗ್ರಾಂ ಇರಲಿ. ಗುಂಡಿಯ ಮೇಲೆ ಬಂದೊಡನೆ ಚಕ್ರಕ್ಕೆ ರಸ್ತೆಯ ಆಸರೆ ತಪ್ಪುತ್ತದೆ. ಆಗ ಅದು ಕೇವಲ ಗುರುತ್ವದಿಂದ ಬೀಳುವುದಿಲ್ಲ, ಸ್ಪ್ರಿಂಗ್ ಕೂಡ ಅದನ್ನು ಕೆಳಕ್ಕೆ ದಬ್ಬುತ್ತದೆ. ಎರಡೂ ಸೇರಿದ ವೇಗೋತ್ಕರ್ಷ ಸೆಕೆಂಡ್ ವರ್ಗಕ್ಕೆ ಸುಮಾರು 94 ಮೀಟರ್, ಅಂದರೆ ಗುರುತ್ವದ ಒಂಬತ್ತೂವರೆ ಪಟ್ಟು! (ಶಾಕ್ ಅಬ್ಸಾರ್ಬರಿನ ತಡೆಯನ್ನು ಇಲ್ಲಿ ಬಿಟ್ಟಿದ್ದೇವೆ.)

ಗುಂಡಿಯ ಉದ್ದ 50 ಸೆಂ.ಮೀ., ಆಳ 6 ಸೆಂ.ಮೀ., ಚಕ್ರದ ತ್ರಿಜ್ಯ 30 ಸೆಂ.ಮೀ. ಎಂದಿಟ್ಟುಕೊಳ್ಳಿ. ಚಕ್ರ ದುಂಡಗಿರುವುದರಿಂದ ಅದರ ಕೇಂದ್ರ ಆಚೆಯ ಅಂಚಿನ ನೇರಕ್ಕೆ ಬರುವ ಮೊದಲೇ ಟೈರು ಅಂಚಿಗೆ ತಾಗುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಚಕ್ರಕ್ಕೆ ಬೀಳಲು ಸಿಗುವ ಕಾಲ ಸುಮಾರು 0.023 ಸೆಕೆಂಡ್. ಅಷ್ಟರಲ್ಲಿ ಅದು ಎರಡೂವರೆ ಸೆಂ.ಮೀ. ಮಾತ್ರ ಇಳಿಯುತ್ತದೆ. 30 ಕಿ.ಮೀ. ವೇಗದಲ್ಲಾದರೋ ತಳವನ್ನೇ ಮುಟ್ಟುತ್ತದೆ. ಇಷ್ಟರ ಮಟ್ಟಿಗೆ ಮೊದಲನೆಯ ನಂಬಿಕೆ ನಿಜ.

ಪೆಟ್ಟು ಇರುವುದು ಅಂಚಿನಲ್ಲಿ

ಆದರೆ ಹಾನಿ ಮಾಡುವುದು ಬೀಳುವಿಕೆಯಲ್ಲ, ಆಚೆಯ ಅಂಚಿಗೆ ಬಡಿಯುವಿಕೆ. ಚಕ್ರದ ಕೇಂದ್ರದಿಂದ ಅಂಚಿಗೆ ಒಂದು ಗೆರೆ ಎಳೆಯಿರಿ. ಕಾರಿನ ವೇಗದಲ್ಲಿ ಈ ಗೆರೆಯ ಗುಂಟ ಇರುವ ಘಟಕವೇ ಟೈರನ್ನು ಅಂಚಿಗೆ ಅಪ್ಪಳಿಸುವ ವೇಗ.

ಚಕ್ರ 6 ಸೆಂ.ಮೀ. ಇಳಿದಾಗ ಸಿಗುವ ಲಂಬಕೋನ ತ್ರಿಭುಜದಲ್ಲಿ ಕರ್ಣ 30, ಲಂಬ 24. ಪೈಥಾಗೊರಸ್ ಪ್ರಮೇಯದಂತೆ ಅಡ್ಡಬಾಹು 18. ಆದ್ದರಿಂದ ಅಪ್ಪಳಿಸುವ ವೇಗ ಕಾರಿನ ವೇಗದ 18/30, ಅಂದರೆ 0.6 ಪಾಲು. ಎರಡೂವರೆ ಸೆಂ.ಮೀ. ಇಳಿದಾಗ ಇದೇ ಲೆಕ್ಕದಲ್ಲಿ 12/30, ಅಂದರೆ 0.4 ಪಾಲು.

ಈಗ ಹೋಲಿಸಿ. ಗಂಟೆಗೆ 15 ಕಿ.ಮೀ. ವೇಗದಲ್ಲಿ ಅಪ್ಪಳಿಕೆ ಸೆಕೆಂಡಿಗೆ 2.5 ಮೀಟರ್, 30ರಲ್ಲಿ 5 ಮೀಟರ್, 60ರಲ್ಲಿ 6.7 ಮೀಟರ್. ಚಲನಶಕ್ತಿ ವೇಗದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ಪೆಟ್ಟಿನ ಶಕ್ತಿ ಸರಿಸುಮಾರು 1 : 4 : 7. ಚಕ್ರ ಕಡಿಮೆ ಇಳಿದರೂ ಪೆಟ್ಟು ಕಡಿಮೆಯಾಗಲಿಲ್ಲ! ಗುಂಡಿ ಒಂದು ಮೀಟರ್ ಉದ್ದವಿದ್ದರೆ 60ರಲ್ಲೂ ಚಕ್ರ ತಳ ಮುಟ್ಟುತ್ತದೆ. ಆಗ ಅನುಪಾತ 1 : 4 : 16. ಹಾರಿಸಿಕೊಂಡು ಹೋಗುವವರು ಉಳಿಸುವುದು ಕ್ಷಣಗಳನ್ನು, ಕಳೆಯುವುದು ಟೈರನ್ನು.

ಬ್ರೇಕ್ ಎಲ್ಲಿಯವರೆಗೆ?

ಬ್ರೇಕ್ ಒತ್ತಿದಾಗ ಕಾರಿನ ಮೂತಿ ತಗ್ಗುವುದನ್ನು ನೋಡಿದ್ದೀರಿ. ಹೊರೆ ಮುಂದಕ್ಕೆ ವರ್ಗವಾಗುತ್ತದೆ. ಜೋರಾಗಿ ಒತ್ತಿದರೆ ಪ್ರತಿ ಮುಂಚಕ್ರದ ಹೊರೆ ಕಾಲು ಭಾಗದಷ್ಟು ಹೆಚ್ಚಬಹುದು. ಸ್ಪ್ರಿಂಗ್ ಆಗಲೇ ಕುಗ್ಗಿರುವುದರಿಂದ ಪೆಟ್ಟು ಬಿದ್ದಾಗ ಮತ್ತಷ್ಟು ಕುಗ್ಗಲು ಎಡೆ ಉಳಿಯುವುದಿಲ್ಲ, ಆಘಾತ ನೇರವಾಗಿ ಕಾರಿನ ಚೌಕಟ್ಟಿಗೆ ಸಾಗುತ್ತದೆ. ಆದ್ದರಿಂದ ಗುಂಡಿಗೆ ಮುಂಚೆಯೇ ಬ್ರೇಕ್ ಒತ್ತಿ ವೇಗ ತಗ್ಗಿಸಿ, ಚಕ್ರ ಇಳಿಯುವ ಮುನ್ನ ಬ್ರೇಕ್ ಬಿಡಬೇಕು. ಸ್ಟೀರಿಂಗ್ ನೇರವಾಗಿರಲಿ. ನೀರು ನಿಂತಿದ್ದರೆ ಆಳವಿದೆ ಎಂದೇ ಭಾವಿಸಿ.

ಉಬ್ಬು ಏಕೆ ಬರುತ್ತದೆ?

ಟೈರಿನ ಮೇಲೆ 165/80 ಎಂದಿದ್ದರೆ ಅಗಲ 165 ಮಿ.ಮೀ., ಪಕ್ಕದ ಎತ್ತರ ಅದರ ಶೇ. 80, ಅಂದರೆ 132 ಮಿ.ಮೀ. 205/45 ಟೈರಿನಲ್ಲಿ ಅದು 92 ಮಿ.ಮೀ. ಮಾತ್ರ. ಪೆಟ್ಟು ನುಂಗುವ ಮೆತ್ತೆ ಇಷ್ಟೇ. ಗಾಳಿ ಕಡಿಮೆಯಿದ್ದರೆ ರಿಮ್ ಮತ್ತು ಅಂಚಿನ ನಡುವೆ ಟೈರಿನ ಪಕ್ಕ ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಂತಾಗುತ್ತದೆ. ರಬ್ಬರು ಹಿಗ್ಗಿ ಉಳಿಯುತ್ತದೆ, ಒಳಗಿನ ನೂಲುಗಳು ತುಂಡಾಗುತ್ತವೆ. ಬಲ ಕಳೆದುಕೊಂಡ ಆ ಜಾಗವನ್ನು ಒಳಗಿನ ಗಾಳಿ ಹೊರಕ್ಕೆ ತಳ್ಳುತ್ತದೆ. ಇದಕ್ಕೆ ತೇಪೆ ಹಾಕಲು ಬರುವುದಿಲ್ಲ. ಬಿಸಿಲಿನಲ್ಲಿ, ಹೆದ್ದಾರಿಯ ವೇಗದಲ್ಲಿ ಅದು ಯಾವಾಗ ಬೇಕಾದರೂ ಸಿಡಿಯಬಹುದು. ಟೈರು ಬದಲಿಸುವುದೊಂದೇ ದಾರಿ, ಅಲ್ಲಿಯವರೆಗೆ ಸ್ಟೆಪ್ನಿ.

ಪೆಟ್ಟು ಬಿದ್ದ ಮೇಲೆ

ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಟೈರಿನ ಎರಡೂ ಬದಿಗಳನ್ನು ನೋಡಿ. ಒಳಬದಿಯನ್ನು ಕೈಯಿಂದ ತಡವಿ. ಕೆಳಗೆ ಎಣ್ಣೆ ತೊಟ್ಟಿಕ್ಕುತ್ತಿದ್ದರೆ ಅಥವಾ ಎಣ್ಣೆಯ ದೀಪ ಉರಿದರೆ ಎಂಜಿನ್ ಮತ್ತೆ ಚಾಲೂ ಮಾಡಬೇಡಿ. ಎಣ್ಣೆಯಿಲ್ಲದೆ ಓಡಿದ ಎಂಜಿನ್ ಕಚ್ಚಿಕೊಂಡರೆ ರಿಪೇರಿ ಖರ್ಚು ಹಲವು ಪಟ್ಟಾಗುತ್ತದೆ. ಎಚ್ಚರಿಕೆಯ ನಂತರವೂ ಓಡಿಸಿದ್ದರಿಂದಾದ ಹಾನಿಯನ್ನು ವಿಮೆಯವರು ಸಾಮಾನ್ಯವಾಗಿ ಒಪ್ಪುವುದೂ ಇಲ್ಲ.

ಸ್ಟೀರಿಂಗ್ ಒಂದು ಬದಿಗೆ ಎಳೆದರೆ ಅಲೈನ್‌ಮೆಂಟ್ ತಪ್ಪಿದೆ. ಕೇವಲ ಒಂದು ಡಿಗ್ರಿ ಓರೆಯಾದ ಚಕ್ರ ಪ್ರತಿ ಕಿಲೋಮೀಟರಿಗೆ ಸುಮಾರು 17 ಮೀಟರ್ ಪಕ್ಕಕ್ಕೆ ಉಜ್ಜಿಕೊಂಡು ಸಾಗುತ್ತದೆ. ಟೈರು ಬೇಗ ಸವೆಯುವುದು ಇದರಿಂದಲೇ. ವೇಗ ಹೆಚ್ಚಿದಂತೆ ಸ್ಟೀರಿಂಗ್ ನಡುಗಿದರೆ ರಿಮ್ ಬಗ್ಗಿರಬಹುದು.

ಗುಂಡಿ ಮತ್ತು ಹಾನಿಯ ಫೋಟೊ ತೆಗೆದಿಟ್ಟುಕೊಳ್ಳಿ. ಮೂರನೆಯವರ ವಿಮೆ ಮಾತ್ರ ಇದ್ದರೆ ನಿಮ್ಮ ಕಾರಿನ ಹಾನಿಗೆ ಪರಿಹಾರವಿಲ್ಲ. ಸಮಗ್ರ ವಿಮೆಯಲ್ಲೂ ಟೈರೊಂದೇ ಕೆಟ್ಟಿದ್ದರೆ ಸಾಮಾನ್ಯವಾಗಿ ಹಣ ಸಿಗದು. ಜೊತೆಗೆ ವಾಹನದ ಬೇರೆ ಭಾಗಕ್ಕೂ ಹಾನಿಯಾಗಿದ್ದರೆ ಟೈರಿನ ಬೆಲೆಯ ಅರ್ಧದವರೆಗೆ ಸಿಗುತ್ತದೆ.

ಶಿಕ್ಷಕರು ತರಗತಿಯಲ್ಲಿ ಈ ಲೆಕ್ಕವನ್ನು ಮುಂದುವರಿಸಬಹುದು. ಸ್ಕೂಟರಿನ ಚಕ್ರದ ತ್ರಿಜ್ಯ 20 ಸೆಂ.ಮೀ., ಎತ್ತಿನ ಗಾಡಿಯದು 75 ಸೆಂ.ಮೀ. ಎಂದಿಟ್ಟುಕೊಂಡು ಅದೇ 6 ಸೆಂ.ಮೀ. ಅಂಚಿಗೆ ಆ ಪಾಲು ಎಷ್ಟೆಂದು ಮಕ್ಕಳು ಕಂಡುಹಿಡಿಯಲಿ. ಉತ್ತರ ಕ್ರಮವಾಗಿ 0.71 ಮತ್ತು 0.39. ಒಂದೇ ಗುಂಡಿ ಸ್ಕೂಟರ್ ಸವಾರನಿಗೆ ಏಕೆ ಹೆಚ್ಚು ಅಪಾಯಕಾರಿ ಎಂಬುದು ಆಗ ತಾನಾಗಿಯೇ ತಿಳಿಯುತ್ತದೆ.

ಅಂದು ನಾವು ಹುಬ್ಬಳ್ಳಿಗೆ ಹೊರಟದ್ದು ಮಧ್ಯಾಹ್ನ, ಹೊಸ ಟೈರು ಹಾಕಿಸಿದ ಮೇಲೆ.