ಆಡಿನ ಕಣ್ಣು... ಅಪ್ಪಾಜಿಯ ಕಣ್ಣು!

ಆರು ವರ್ಷದ ಚಕ್ರವರ್ತಿ! ಪಟ್ಟ ಕಟ್ಟಿ ಎಂಟು ತಿಂಗಳಾಗಿತ್ತು, ಅಷ್ಟೇ. ಹುಡುಗ ಹಾಸಿಗೆ ಹಿಡಿದ, ಮತ್ತೆ ಏಳಲಿಲ್ಲ. ವಿಷ ಹಾಕಿದ್ದಾರೆ ಅಂತ ಅರಮನೆಯಲ್ಲಿ ಗುಸುಗುಸು ಎದ್ದಿತು. ಹಾಕಿದವರು ಯಾರು?

ಇದು ಯಾವುದೋ ಇಂಗ್ಲಿಷ್ ಪಿಕ್ಚರಿನ ಕಥೆ ಅಲ್ಲ ಗೆಳೆಯರೇ. ಗಂಗಾವತಿಯಲ್ಲಿ ಬಸ್ಸು ಹತ್ತಿ ಆನೆಗುಂದಿಯಲ್ಲಿ ಇಳಿಯಿರಿ. ತುಂಗಭದ್ರೆಯ ಆಚೆ ದಂಡೆಯೇ ಹಂಪಿ. ಈ ಕಥೆ ನಡೆದದ್ದು ಅಲ್ಲಿಯ ಅರಮನೆಯಲ್ಲಿ. ಸತ್ತ ಹುಡುಗ ತಿರುಮಲರಾಯ. ಅವನ ತಂದೆ ಸಾಕ್ಷಾತ್ ಶ್ರೀಕೃಷ್ಣದೇವರಾಯ!

ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆ ಯಾವ ಹುಡುಗನನ್ನೇ ಕೇಳಿ, ಕೃಷ್ಣದೇವರಾಯ ಅಂದರೆ ಅವನ ಕಣ್ಣಮುಂದೆ ನಿಲ್ಲೋದು ಅಣ್ಣಾವ್ರೇ. 1970ರಲ್ಲಿ ಬಿ.ಆರ್. ಪಂತುಲು ‘ಶ್ರೀ ಕೃಷ್ಣದೇವರಾಯ’ ತೆಗೆದಾಗ ಕೊಪ್ಪಳ ಇನ್ನೂ ರಾಯಚೂರು ಜಿಲ್ಲೆಯ ಒಂದು ತಾಲ್ಲೂಕು. ನಮ್ಮ ಕಾಕಾಗಳು ಅದನ್ನು ಟಾಕೀಸಿನಲ್ಲಿ ಶಿಳ್ಳೆ ಹೊಡೆದು ನೋಡಿದವರು, ನಾವು ಮನೆಯಲ್ಲಿ ಟೀವಿ ಮುಂದೆ ಕೂತು ನೋಡಿದವರು. ಅಣ್ಣಾವ್ರು ರಾಯ, ಪಂತುಲು ಅವರೇ ಮಹಾಮಂತ್ರಿ ತಿಮ್ಮರಸು. ಈ ತಿಮ್ಮರಸುವನ್ನು ರಾಯ ಕರೆಯುತ್ತಿದ್ದದ್ದು ಏನಂತ ಗೊತ್ತಲ್ಲ? ಅಪ್ಪಾಜಿ!

ಆ ಅಪ್ಪಾಜಿಯ ಕಣ್ಣನ್ನೇ ರಾಯ ಕೀಳಿಸಿದ ಅನ್ನುತ್ತದೆ ಒಂದು ಹಳೆಯ ಬರಹ. ಬರೆದವನು ಫರ್ನಾವೊ ನ್ಯೂನಿಜ್ ಎಂಬ ಪೋರ್ಚುಗೀಸ್ ಕುದುರೆ ವ್ಯಾಪಾರಿ. ಸುಮಾರು 1535ರ ಹೊತ್ತಿಗೆ ಹಂಪಿಯಲ್ಲಿದ್ದವನು. ಅವನ ಬರಹವನ್ನು ರಾಬರ್ಟ್ ಸೆವೆಲ್ 1900ರಲ್ಲಿ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ. ಅದರಲ್ಲಿರುವ ಕಥೆ ಹೀಗಿದೆ.

ಲಾಯದಲ್ಲಿ ಒಂದು ಗುಟ್ಟು

ಮೊದಲು ಫ್ಲಾಶ್‌ಬ್ಯಾಕ್. ವರ್ಷ 1509. ರಾಯನ ಅಣ್ಣ ವೀರನರಸಿಂಹ ಸಾಯುವ ಸ್ಥಿತಿಯಲ್ಲಿದ್ದಾನೆ. ತನ್ನ ಎಂಟು ವರ್ಷದ ಮಗನಿಗೆ ಪಟ್ಟ ಸಿಗಬೇಕು, ತಮ್ಮ ಅಡ್ಡ ಬರಬಾರದು. ಮಂತ್ರಿಯನ್ನು ಕರೆದು ಅಪ್ಪಣೆ ಕೊಟ್ಟ: ಕೃಷ್ಣನ ಕಣ್ಣು ಕಿತ್ತು ತಂದು ತೋರಿಸು!

ತಿಮ್ಮರಸು ಹುಡುಗನನ್ನು ಕುದುರೆ ಲಾಯಕ್ಕೆ ಕರಕೊಂಡು ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಕೃಷ್ಣ ಕಂಗಾಲಾದ. ನನಗೆ ರಾಜ್ಯವೇ ಬೇಡ, ಜೋಗಿಯಾಗಿ ಎಲ್ಲಾದರೂ ಹೋಗಿಬಿಡ್ತೀನಿ ಅಂದ. ಮಂತ್ರಿ ಒಂದು ಆಡು ತರಿಸಿದ. ಆಡಿನ ಕಣ್ಣು ಅರಮನೆಗೆ ಹೋಯಿತು. ಅದನ್ನು ನೋಡಿ ಅಣ್ಣ ನೆಮ್ಮದಿಯಾಗಿ ಕಣ್ಣು ಮುಚ್ಚಿದ. ತಮ್ಮ ಸಿಂಹಾಸನ ಏರಿದ.

ಮುಂದಿನದು ನಿಮಗೆ ಗೊತ್ತು. ಉದಯಗಿರಿ ಬಂತು, 1520ರಲ್ಲಿ ರಾಯಚೂರೂ ಬಂತು. ಗೆದ್ದ ಕಡೆಯೆಲ್ಲ ರಾಯನ ಬೆನ್ನಿಗೆ ಅಪ್ಪಾಜಿ.

ವಿಷದ ಮಾತು

ರಾಯ ಬದುಕಿರುವಾಗಲೇ ಮಗನಿಗೆ ಪಟ್ಟ ಕಟ್ಟಿದ. 1524ರ ಶಾಸನಗಳಲ್ಲಿ ತಿರುಮಲನ ಹೆಸರು ರಾಜನಾಗಿಯೇ ಬರುತ್ತದೆ. ನ್ಯೂನಿಜ್ ಹೇಳುವ ಪ್ರಕಾರ ಆಗ ರಾಯ ತಾನೇ ಮಂತ್ರಿಯ ಜಾಗದಲ್ಲಿ ಕೂತ, ತಿಮ್ಮರಸು ಬರೀ ಸಲಹೆಗಾರನಾದ. ತಿಮ್ಮರಸುವಿನ ಒಬ್ಬ ಮಗನಿಗೆ ಮಾತ್ರ ದೊಡ್ಡ ಪದವಿ ಸಿಕ್ಕಿತು. ಎಂಟು ತಿಂಗಳು ಹಬ್ಬವೋ ಹಬ್ಬ. ಆ ಸಡಗರದ ನಡುವೆಯೇ ಹುಡುಗ ಸತ್ತ. ವಿಷ ಹಾಕಿದವನು ಅದೇ ತಿಮ್ಮರಸುವಿನ ಮಗ ಅಂತ ಯಾರೋ ರಾಯನ ಕಿವಿಗೆ ಹಾಕಿದರು.

ತುಂಬಿದ ದರ್ಬಾರು. ರಾಯ ಮುದುಕನನ್ನೂ ಮಕ್ಕಳನ್ನೂ ಕರೆಸಿದ. ಅಲ್ಲಿ ಅವನು ಆಡಿದ ಮಾತು ಕೇಳಿದರೆ ಮೈ ಜುಮ್ಮೆನ್ನುತ್ತದೆ. ಅವತ್ತು ಅಣ್ಣನ ಅಪ್ಪಣೆ ಮೀರಿ ಆಡಿನ ಕಣ್ಣು ತೋರಿಸಿದೆಯಲ್ಲ, ನೀನು ಅವತ್ತೇ ರಾಜದ್ರೋಹಿ ಅಂದನಂತೆ! ಯಾವ ಉಪಕಾರದಿಂದ ಲೋಕ ಕಾಣುತ್ತಿದ್ದನೋ ಅದನ್ನೇ ಅಪರಾಧದ ಪಟ್ಟಿಗೆ ಸೇರಿಸಿದ. ಹಿಡಿಯಲು ತಾನೇ ಕೈ ಹಾಕಿದ. ನೆರವಿಗೆ ಕರೆದದ್ದು ಕುದುರೆ ಮಾರಲು ಬಂದಿದ್ದ ಪೋರ್ಚುಗೀಸರನ್ನು.

ಮೂರು ವರ್ಷ ಸೆರೆ. ನಡುವೆ ದಂಡನಾಯಕನಾಗಿದ್ದ ಮಗ ತಪ್ಪಿಸಿಕೊಂಡು ಬೆಟ್ಟ ಸೇರಿದ, ಮತ್ತೆ ಸಿಕ್ಕಿಬಿದ್ದ. ಬ್ರಾಹ್ಮಣರನ್ನು ಕೊಲ್ಲುವ ಹಾಗಿಲ್ಲ, ಹಾಗಾಗಿ ಅಪ್ಪ ಮಕ್ಕಳೆಲ್ಲರ ಕಣ್ಣು ಕೀಳಿಸಿದರು. ದಂಡನಾಯಕ ಸೆರೆಯಲ್ಲೇ ಸತ್ತ. ಮುದುಕ ಇನ್ನೊಬ್ಬ ಮಗನ ಜೊತೆ ಕತ್ತಲಲ್ಲಿ ಉಳಿದ. ಹಂಪಿಯ ಆ ದೊಡ್ಡ ಉಗ್ರನರಸಿಂಹನನ್ನು ರಾಯ ಪ್ರತಿಷ್ಠೆ ಮಾಡಿಸಿದ್ದು 1528ರಲ್ಲಿ. ನ್ಯೂನಿಜ್‌ನ ಲೆಕ್ಕ ಹಿಡಿದರೆ, ಆ ಹೊತ್ತಿಗೆ ಅಪ್ಪಾಜಿ ಸೆರೆಯಲ್ಲಿದ್ದ. ಮರುವರ್ಷ 1529ರಲ್ಲಿ ರಾಯನೂ ತೀರಿಕೊಂಡ.

ಲಾಭ ಯಾರಿಗೆ?

ಪತ್ತೇದಾರಿ ಸಿನಿಮಾ ನೋಡಿದವರಿಗೆ ಈ ಪ್ರಶ್ನೆ ಬಾಯಿಪಾಠ. ಚೀನಾದಲ್ಲಿ ಕ್ರಿ.ಶ. 146ರಲ್ಲಿ ಹಾನ್ ವಂಶದ ಬಾಲಚಕ್ರವರ್ತಿ ಝಿಗೆ ಲಿಯಾಂಗ್ ಜೀ ಎಂಬ ಸೇನಾಪತಿ ವಿಷ ಹಾಕಿಸಿದ. ಅಲ್ಲಿ ಕಾರಣ ಕಣ್ಣಿಗೆ ಹೊಡೆಯುತ್ತದೆ. ಹುಡುಗ ಎದುರು ಮಾತಾಡಿದ್ದ, ಬೇರೆಯವನನ್ನು ಕೂರಿಸಿದರೆ ಅಧಿಕಾರ ಸೇನಾಪತಿಯ ಕೈಯಲ್ಲೇ ಉಳಿಯುತ್ತಿತ್ತು. ಇಲ್ಲಿ? ಮಂತ್ರಿಗಿರಿ ಹೋದ ಸಿಟ್ಟು ಅನ್ನಬಹುದು. ಆದರೆ ಹುಡುಗ ಸತ್ತರೆ ಗದ್ದುಗೆ ಮತ್ತೆ ರಾಯನಿಗೇ. ತಿಮ್ಮರಸುವಿಗೆ ಬಂದದ್ದೇನು? ನ್ಯೂನಿಜ್ ಕೂಡ ಕಣ್ಣಾರೆ ಕಂಡವನಲ್ಲ, ಹತ್ತು ವರ್ಷದ ಮೇಲೆ ಬಂದು ಕೇಳಿದ್ದನ್ನು ಬರೆದವನು. ಜ್ವರಕ್ಕೂ ಮಕ್ಕಳು ಸಾಯುತ್ತಿದ್ದ ಕಾಲ ಅದು. ಅವನು ಹೇಳುವ ಕಥೆಯಲ್ಲಿ ಆರೋಪ ಇದೆ, ಶಿಕ್ಷೆ ಇದೆ. ವಿಚಾರಣೆ ಮಾತ್ರ ಇಲ್ಲ.

1962ರ ತೆಲುಗು ಚಿತ್ರ ‘ಮಹಾಮಂತ್ರಿ ತಿಮ್ಮರುಸು’ ಈ ಕೇಸಿನಲ್ಲಿ ಮಂತ್ರಿಯ ಪರವೇ ನಿಂತಿತು. ಎನ್.ಟಿ.ಆರ್. ರಾಯ, ಗುಮ್ಮಡಿ ತಿಮ್ಮರುಸು. ಅಲ್ಲಿ ಮುದುಕ ನಿರಪರಾಧಿ.

ಆನೆಗುಂದಿಯ ಚಹಾದಂಗಡಿಯಲ್ಲಿ ಒಬ್ಬ ಹಿರಿಯರ ಮುಂದೆ ಈ ಮಾತು ತೆಗೆದೆ. “ರಾಯ ತಪ್ಪು ಮಾಡಿದ ತಮ್ಮಾ. ಸಾಕಿದಾವ್ನ ಮಾತು ಒಂದ್ಸಲ ಕೇಳಬೇಕಿತ್ತು” ಅಂದರು.

“ಅಣ್ಣಾವ್ರ ಸಿನಿಮಾ ನೋಡೀರೇನ್ರಿ?”

“ನೋಡದೇ ಏನು! ಅಣ್ಣಾವ್ರು ಬ್ಯಾರೆ, ರಾಯ ಬ್ಯಾರೆ. ಅಣ್ಣಾವ್ರಾಗಿದ್ರ ಕೇಳ್ತಿದ್ರು.”

ಗಾಂಧಿನಗರದ ನಿರ್ಮಾಪಕರೇ, ಕಥೆ ಇಲ್ಲ ಕಥೆ ಇಲ್ಲ ಅಂತ ಪಕ್ಕದ ರಾಜ್ಯದಿಂದ ರೀಮೇಕ್ ತರ್ತೀರಿ. ಒಂದ್ಸಲ ಗಂಗಾವತಿ ಬಸ್ಸು ಹತ್ತಿ ಬನ್ನಿ. ಲಾಯದಲ್ಲಿ ನಡುಗುತ್ತಾ ನಿಂತ ಹುಡುಗ, ಅವನ ಮುಂದೆ ಆಡು ಹಿಡಿದು ನಿಂತ ಮಂತ್ರಿ... ಮೊದಲ ಸೀನು ರೆಡಿ ಇದೆ. ಕೊನೆಯ ಸೀನು ತೆಗೆಯುವಾಗ ಮಾತ್ರ ಆ ಮುದುಕನಿಗೂ ನಾಲ್ಕು ಡೈಲಾಗ್ ಕೊಡಿ. ಅವತ್ತು ದರ್ಬಾರಿನಲ್ಲಿ ಅವನ ಮಾತು ಯಾರೂ ಕೇಳಲಿಲ್ಲ.